ನೀರಿಗೆ ಬಂದವರ ಕಥೆ: ಸೀರೆಯ ಸೆರಗಿನಿಂದ ಭೋಕರಪಾಡಾದವರೆಗೆ

"ಊರಿಗೆ ಬಂದವಳು ನೀರಿಗೆ ಬಾರದೇ ಇರುತ್ತಾಳೆಯೇ" ಎಂಬ ಗಾದೆ ನಮಗೆಲ್ಲ ಗೊತ್ತು. ಊರಿಗೆ ಬಂದ ಹೊಸ ಸೊಸೆಯನ್ನು ನೋಡಲು ಅವಸರಪಡಬೇಕಾಗಿಲ್ಲ, ಬಾವಿಕಟ್ಟೆಗೆ ಅವಳು ಬಂದೇ ಬರುತ್ತಾಳೆ ಎಂಬುದು ಅದರ ಅರ್ಥ. ನಾನು ಮದುವೆಯಾಗಿ ಉಡುಪಿ ಕಡೆಯಿಂದ ಸಾನಪಾಡಾಕ್ಕೆ ಬಂದಾಗ ಇಲ್ಲಿ ಬಾವಿಕಟ್ಟೆ ಇರಲಿಲ್ಲ. ಅಡುಗೆಮನೆಯ ನಳ್ಳಿ ತಿರುಗಿಸಿದರೆ ನೀರು ಬರುತ್ತಿತ್ತು. ಆದರೂ ಗಾದೆ ಸುಳ್ಳಾಗಲಿಲ್ಲ. ನಮ್ಮ ಸೊಸೈಟಿಯ ಹೆಂಗಸರು ಒಬ್ಬರನ್ನೊಬ್ಬರು ಸರಿಯಾಗಿ ಅರಿತದ್ದು ನೀರಿನ ದೆಸೆಯಿಂದಲೇ.

ಕೆಲವು ವರ್ಷಗಳ ಹಿಂದಿನ ಮಾತು. ಜುಲೈ ತಿಂಗಳು, ಬಿಡದೆ ಮಳೆ. ನಮ್ಮ ಬಿಲ್ಡಿಂಗಿನ ಒಂದು ಮಗುವಿಗೆ ವಾಂತಿ ಶುರುವಾಯಿತು. ಎರಡು ವಾರದಲ್ಲಿ ಬೇರೆ ಬೇರೆ ಮಹಡಿಯ ಐದಾರು ಮನೆಗಳಲ್ಲಿ ಕಾಮಾಲೆ. ವಿಚಿತ್ರವೆಂದರೆ ಆ ಎಲ್ಲ ಮನೆಗಳಲ್ಲೂ ನೀರು ಶುದ್ಧ ಮಾಡುವ ಮಷಿನ್ ಗೋಡೆಯ ಮೇಲೆ ಹಸಿರು ದೀಪ ಉರಿಸುತ್ತಾ ನಿಂತಿತ್ತು. ಸಂಜೆ ಹೆಂಗಸರೆಲ್ಲ ಕೆಳಗೆ ಸೇರಿದಾಗ ಎಲ್ಲರದೂ ಒಂದೇ ಪ್ರಶ್ನೆ: "ಮನೆಮನೆಗೂ ಫಿಲ್ಟರ್ ಇದ್ದು ಹೀಗೇಕಾಯಿತು?"

ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದ ನನಗೆ ನೀರು ಶುದ್ಧ ಮಾಡುವ ವಿದ್ಯೆಯ ಚರಿತ್ರೆಯೇ ಸಿಕ್ಕಿತು. ಅದರಿಂದ ನಾನು ಕಲಿತದ್ದು ಇಷ್ಟು: ನೀರಿನ ಕೊಳೆ ಒಂದೇ ಬಗೆಯದಲ್ಲ, ಆದ್ದರಿಂದ ಅದರ ಮದ್ದೂ ಒಂದೇ ಅಲ್ಲ. ನೀರಲ್ಲಿ ಏನಿದೆ ಎಂದು ತಿಳಿಯದೆ ಮಾಡಿದ ಶುದ್ಧೀಕರಣ ಬರಿಯ ಸಮಾಧಾನವಷ್ಟೆ. ಇದನ್ನು ಓದುವ ಅಕ್ಕತಂಗಿಯರ ಮನೆಗೂ ಮಳೆಗಾಲ ಬರುತ್ತದೆ. ಅದಕ್ಕಾಗಿ ಈ ಬರಹ.

ಹಳೆಯ ಹೊತ್ತಗೆಗಳಲ್ಲಿ

ಸುಶ್ರುತ ಸಂಹಿತೆಯಲ್ಲಿ ಕಲಕಿದ ನೀರನ್ನು ತಿಳಿಮಾಡುವ ಏಳು ವಸ್ತುಗಳ ಪಟ್ಟಿಯಿದೆ. ಚಿಲ್ಲದ ಬೀಜ, ಗೋಮೇದಕ, ತಾವರೆಯ ಗೆಣ್ಣು, ಪಾಚಿಯ ಬೇರು, ಬಟ್ಟೆ, ಮುತ್ತು, ಮಣಿ. ಇವುಗಳಲ್ಲಿ ಮುತ್ತು, ಮಣಿ ಅರಮನೆಯವರಿಗೆ. ಬಟ್ಟೆ ಮತ್ತು ಚಿಲ್ಲದ ಬೀಜ ಎಲ್ಲರಿಗೂ. ಸಂಸ್ಕೃತದಲ್ಲಿ ಕತಕ ಎನ್ನುವ ಈ ಚಿಲ್ಲದ ಬೀಜವನ್ನು ಒರಟು ಮಣ್ಣಿನ ಪಾತ್ರೆಯ ಒಳಮೈಗೆ ತೇದು ನೀರು ತುಂಬಿಸಿಟ್ಟರೆ ರಾಡಿ ಗಡ್ಡೆಕಟ್ಟಿ ತಳಕ್ಕೆ ಇಳಿಯುತ್ತದೆ. ಈ ಬೀಜ ಎಷ್ಟು ಪರಿಚಿತವಾಗಿತ್ತೆಂದರೆ, ಕತಕದ ಹೆಸರು ಹೇಳಿಬಿಟ್ಟರೆ ನೀರು ತಿಳಿಯಾಗುವುದಿಲ್ಲ ಎಂಬ ಅರ್ಥದ ದೃಷ್ಟಾಂತ ಮನುಸ್ಮೃತಿಯಲ್ಲೂ ಬಂದಿದೆ. ಈ ಮಾತು ನೆನಪಿರಲಿ, ಕೊನೆಯಲ್ಲಿ ಬೇಕಾಗುತ್ತದೆ.

6ನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ ಅಂತರ್ಜಲ ಹುಡುಕುವ ಬಗೆ ಹೇಳಿ, ಬಾವಿಯ ನೀರು ರಾಡಿಯಾಗಿಯೋ ಕಹಿಯಾಗಿಯೋ ವಾಸನೆ ಬರುತ್ತಲೋ ಇದ್ದರೆ ಹಾಕಬೇಕಾದ ಮದ್ದನ್ನೂ ಹೇಳುತ್ತಾನೆ. ಲಾವಂಚ, ನೆಲ್ಲಿ, ಚಿಲ್ಲ ಇವೆಲ್ಲ ಆ ಪಟ್ಟಿಯಲ್ಲಿವೆ. ನಮ್ಮ ಕರಾವಳಿಯಲ್ಲಿ ಬಾವಿಯ ತಳಕ್ಕೆ ನೆಲ್ಲಿಮರದ ತುಂಡು ಹಾಕುವುದನ್ನೂ, ಕುಡಿಯುವ ನೀರಿಗೆ ಲಾವಂಚದ ಬೇರು ಹಾಕುವುದನ್ನೂ ಕಂಡವರಿಗೆ ಇದು ಹೊಸದಲ್ಲ.

ಕನ್ನಡದ್ದೇ ಸಾಕ್ಷಿ ಬೇಕೆಂದರೆ ಲೋಕೋಪಕಾರ ಇದೆ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯ ಬರೆದ ಈ ಗ್ರಂಥದಲ್ಲಿ ನೆಲದಡಿಯ ನೀರು ಹುಡುಕುವ ವಿದ್ಯೆಗೂ ಒಂದು ಅಧ್ಯಾಯ, ಅಡುಗೆಯ ವಿದ್ಯೆಗೂ ಒಂದು ಅಧ್ಯಾಯ. ನೀರು ಮತ್ತು ಅಡುಗೆಮನೆ ಒಂದೇ ಪುಸ್ತಕದಲ್ಲಿ ಜೊತೆಯಾಗಿ ಕುಳಿತಿವೆ. ನೂರು ವರ್ಷದ ನಂತರ ಕಲ್ಯಾಣದ ಚಾಲುಕ್ಯ ಅರಸು ಮೂರನೆಯ ಸೋಮೇಶ್ವರ ಮಾನಸೋಲ್ಲಾಸವನ್ನು ಸಂಸ್ಕೃತದಲ್ಲಿ ಬರೆದ. ಈ ಕಲ್ಯಾಣ ನಮ್ಮ ಡೊಂಬಿವಲಿಯ ಪಕ್ಕದ್ದಲ್ಲ, ಬೀದರ್ ಜಿಲ್ಲೆಯ ಬಸವಕಲ್ಯಾಣ. ಅದರಲ್ಲಿ ಕುಡಿಯುವ ನೀರಿಗೇ ಒಂದು ಭಾಗ ಮೀಸಲು. ನೀರನ್ನು ಶುಭ್ರವಾದ ಬಟ್ಟೆಯಲ್ಲಿ ಸೋಸಬೇಕು, ಪರಿಮಳಕ್ಕೆ ಹೂವೋ ಕರ್ಪೂರವೋ ಸೇರಿಸಬೇಕು ಎಂದು ಅರಸನಿಗೇ ಹೇಳಿದ ವಿಧಾನ ಅದು.

ಅರಸರ ಗ್ರಂಥ ಓದದ ನನ್ನ ಅಜ್ಜಿ ಇದನ್ನೆಲ್ಲ ದಿನವೂ ಮಾಡುತ್ತಿದ್ದರು. ಮಳೆಗಾಲದಲ್ಲಿ ಬಾವಿಯ ನೀರು ಕೆಂಪಾದರೆ ಕೊಡಪಾನವನ್ನು ರಾತ್ರಿಯಿಡೀ ಅಲುಗಿಸದೆ ಇಡುವುದು, ಬೆಳಿಗ್ಗೆ ಮೇಲಿನ ತಿಳಿಯನ್ನು ಹಳೆಯ ಪಂಚೆಯಲ್ಲಿ ಸೋಸುವುದು, ಬಾಣಂತಿಗೂ ಮಕ್ಕಳಿಗೂ ಕಾಯಿಸಿ ಆರಿಸಿ ಕೊಡುವುದು. ತಿಳಿ, ಸೋಸು, ಕಾಯಿಸು. ಮೂರೇ ಕೆಲಸ. ಸೋಸಿದ ನೀರು ತಾಮ್ರದ ಬಿಂದಿಗೆಗೆ ಹೋಗುತ್ತಿತ್ತು. ಅದಕ್ಕೂ ಕಾರಣವಿದೆ. ಬೆಂಗಳೂರಿನ ಆಯುರ್ವೇದ ಸಂಶೋಧನಾ ಸಂಸ್ಥೆಯೊಂದರ ವಿಜ್ಞಾನಿಗಳು ಸಂಗಡಿಗರೊಡನೆ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಅವು ಮತ್ತೆ ಬೆಳೆಯಲಿಲ್ಲ.

ನಾರುಹುಣ್ಣು ಸೋತ ಕಥೆ

ನಮ್ಮ ಸೊಸೈಟಿಯಲ್ಲಿ ರಾಯಚೂರು ಕಡೆಯ ಒಬ್ಬ ತಂಗಿ ಇದ್ದಾಳೆ. ಆ ಸಂಜೆ ನಾನು ಬಟ್ಟೆಯ ಸೋಸಿನ ಮಾತೆತ್ತಿದಾಗ ಅವಳು ಅಂದಳು: "ಅಕ್ಕಾರ, ನಮ್ಮತ್ತಿ ಕಾಲಾಗ ನಾರುಹುಣ್ಣಿನ ಕಲಿ ಇತ್ತ್ರೀ. ಹಸಿ ಹುಣ್ಣಿದ್ದಾಗ ಎರಡು ತಿಂಗಳ ಹೊಲಕ್ಕ ಹೋಗಿದ್ದಿಲ್ಲಂತ. ಹುಳ ಕಡ್ಡಿಗೆ ಸುತ್ತಿ ಸುತ್ತಿ ತೆಗೀತಿದ್ದರಂತ."

ಕರಾವಳಿಯವಳಾದ ನನಗೆ ಇದು ಕೇಳಿ ಮೈ ಜುಮ್ಮೆಂದಿತು. ಆದರೆ ಕಲಬುರಗಿ, ರಾಯಚೂರು, ವಿಜಯಪುರದ ಕಡೆಯ ಹಿರಿಯರಿಗೆ ನಾರುಹುಣ್ಣು ಮನೆಮಾತು. ನೀರಿನಲ್ಲಿ ಸೈಕ್ಲಾಪ್ಸ್ ಎಂಬ ಸಣ್ಣ ಜೀವಿ ಇರುತ್ತದೆ, ಕಣ್ಣಿಗೆ ಚುಕ್ಕಿಯಷ್ಟು ಕಂಡರೆ ಕಂಡೀತು. ಅದರ ಹೊಟ್ಟೆಯಲ್ಲಿ ನಾರುಹುಳದ ಮರಿ. ಆ ನೀರು ಕುಡಿದ ಸುಮಾರು ಒಂದು ವರ್ಷಕ್ಕೆ, ಹೆಚ್ಚುಕಡಿಮೆ ಒಂದು ಮೀಟರ್ ಉದ್ದ ಬೆಳೆದ ಹುಳ ಕಾಲಿನ ಚರ್ಮ ಸೀಳಿಕೊಂಡು ಹೊರಬರುತ್ತದೆ. ಉರಿ ತಾಳಲಾರದೆ ಜನ ಮೆಟ್ಟಿಲ ಬಾವಿಗೆ ಇಳಿದು ಕಾಲು ಅದ್ದಿದರೆ ಹುಳ ಸಾವಿರಾರು ಮರಿಗಳನ್ನು ನೀರಿಗೆ ಬಿಡುತ್ತದೆ. ಅದೇ ಮೆಟ್ಟಿಲಿನಲ್ಲಿ ನಿಂತು ಹೆಂಗಸರು ಕೊಡ ತುಂಬಿಸುತ್ತಾರೆ. ಹೀಗೆ ಊರಿನ ಬಾವಿ ಊರಿಗೇ ರೋಗ ಹಂಚುತ್ತಿತ್ತು.

ಈ ರೋಗಕ್ಕೆ ಲಸಿಕೆ ಇಲ್ಲ, ಗುಣಪಡಿಸುವ ಗುಳಿಗೆಯೂ ಇಲ್ಲ. 1980ರ ದಶಕದ ಆರಂಭದಲ್ಲಿ ದೇಶದಲ್ಲಿ ನಾರುಹುಣ್ಣು ನಿರ್ಮೂಲನ ಕಾರ್ಯಕ್ರಮ ಶುರುವಾದಾಗ ಕೈಯಲ್ಲಿದ್ದ ಅಸ್ತ್ರಗಳು ನಾಲ್ಕೇ. ಮೆಟ್ಟಿಲ ಬಾವಿಗೆ ಕಟ್ಟೆ ಕಟ್ಟಿ ಸೇದುವ ಬಾವಿಯಾಗಿ ಮಾಡುವುದು ಅಥವಾ ಬೋರ್‌ವೆಲ್ ಕೊರೆಯುವುದು, ಸೈಕ್ಲಾಪ್ಸ್ ಸಾಯುವ ಔಷಧಿ ಹಾಕುವುದು, ಹುಣ್ಣಾದವರು ನೀರಿಗೆ ಇಳಿಯದಂತೆ ತಿಳಿಹೇಳುವುದು, ಕುಡಿಯುವ ನೀರನ್ನು ಸಣ್ಣ ಹೆಣಿಗೆಯ ಬಟ್ಟೆಯಲ್ಲಿ ತಪ್ಪದೆ ಸೋಸುವುದು. ಮೊದಲ ಮೂರಕ್ಕೆ ಸರಕಾರದ ಎಂಜಿನಿಯರು, ಆರೋಗ್ಯ ಕಾರ್ಯಕರ್ತರು ಬೇಕಿತ್ತು. ನಾಲ್ಕನೆಯದು ಮನೆಯ ಹೆಂಗಸಿನ ಕೈಯಲ್ಲಿತ್ತು. ದಿನಕ್ಕೆ ಎಷ್ಟು ಕೊಡವೋ ಅಷ್ಟು ಸಲ, ಒಂದು ಸಲವೂ ಮರೆಯದೆ ಅದನ್ನು ಮಾಡಬೇಕಿತ್ತು. 1996ರ ಜುಲೈಯಲ್ಲಿ ರಾಜಸ್ಥಾನದಲ್ಲಿ ಕಂಡದ್ದು ದೇಶದ ಕೊನೆಯ ಪ್ರಕರಣ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣುಮುಕ್ತ ಎಂದು ಘೋಷಿಸಿತು. ಔಷಧಿಯಿಲ್ಲದ ರೋಗವೊಂದನ್ನು ನೀರನ್ನು ಸರಿಪಡಿಸಿಯೇ ದೇಶದಿಂದ ಅಟ್ಟಿದ್ದು ಸಣ್ಣ ಮಾತಲ್ಲ.

ಬಟ್ಟೆಯ ಶಕ್ತಿಗೆ ಇನ್ನೊಂದು ಸಾಕ್ಷಿ ಬಾಂಗ್ಲಾದೇಶದಿಂದ ಬಂತು. ಕಾಲರಾ ರೋಗಾಣು ನೀರಿನಲ್ಲಿ ಒಂಟಿಯಾಗಿ ತೇಲುವುದಕ್ಕಿಂತ ಸೈಕ್ಲಾಪ್ಸ್‌ನ ಜಾತಿಯ ಸಣ್ಣ ಜೀವಿಗಳ ಮೈಗೆ ಅಂಟಿಕೊಂಡಿರುವುದೇ ಹೆಚ್ಚು ಎಂಬುದನ್ನು ಅಮೆರಿಕದ ವಿಜ್ಞಾನಿ ರೀಟಾ ಕೋಲ್ವೆಲ್ ಕಂಡುಕೊಂಡಿದ್ದರು. ಹಾಗಾದರೆ ಬಟ್ಟೆ ರೋಗಾಣುವನ್ನು ಹಿಡಿಯಬೇಕಾಗಿಲ್ಲ, ಅದರ ವಾಹನವನ್ನು ಹಿಡಿದರೆ ಸಾಕು. ಮತ್ಲಬ್ ಎಂಬಲ್ಲಿನ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಪದರ ಮಡಚಿ ನೀರು ಸೋಸಲು ಹೇಳಿಕೊಟ್ಟರು. 2003ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಕಾಲರಾ ಪ್ರಕರಣಗಳು 48 ಶೇಕಡಾ ಇಳಿದವು. ಹೊಸ ಸೀರೆಗಿಂತ ಒಗೆದು ಒಗೆದು ಹಳತಾದ ಸೀರೆಯೇ ಒಳ್ಳೆಯದೆಂದೂ ತಿಳಿಯಿತು, ಏಕೆಂದರೆ ನೂಲು ಬಿಚ್ಚಿಕೊಂಡು ಎಳೆಗಳ ನಡುವಿನ ಸಂದು ಕಿರಿದಾಗಿರುತ್ತದೆ.

ಆದರೆ ಸೀರೆಗೂ ಮಿತಿಯಿದೆ. ಒಂಟಿಯಾಗಿ ತೇಲುವ ರೋಗಾಣುವನ್ನು, ಕಾಮಾಲೆಯ ವೈರಸ್ಸನ್ನು ಅದು ತಡೆಯಲಾರದು. 48 ಶೇಕಡಾ ಇಳಿಯಿತೆಂದರೆ ಉಳಿದ ಅರ್ಧ ಹಾಗೆಯೇ ಇತ್ತು. ಆ ಅರ್ಧದ ಕಥೆ ನಗರಗಳಲ್ಲಿ ನಡೆಯಿತು.

ಕೆರೆ ಬತ್ತಿದ ನಗರಗಳು

ಮುಂಬಯಿಯ ಧೋಬಿ ತಲಾವ್, ಗೋವಾಲಿಯಾ ಟ್ಯಾಂಕ್ ಎಂಬ ಹೆಸರುಗಳಲ್ಲಿ ಇಂದು ನೀರಿಲ್ಲ. ಒಂದು ಕಾಲಕ್ಕೆ ನಗರ ಕುಡಿದದ್ದು ಇಂಥ ಕೆರೆ, ಬಾವಿಗಳ ನೀರನ್ನೇ. ಜನ ಹೆಚ್ಚಿ, ಬೇಸಗೆಗೆ ಅವು ಬತ್ತಿ, ಹೊಲಸು ಸೇರಿ ಕಾಲರಾ ಮರುಕಳಿಸುತ್ತಿತ್ತು. ಹೆನ್ರಿ ಕಾನಿಬೇರ್ ಎಂಬ ಎಂಜಿನಿಯರ್ ರೂಪಿಸಿದ ಯೋಜನೆಯಂತೆ 1856ರಲ್ಲಿ ಶುರುವಾದ ವಿಹಾರ್ ಕೆರೆಯ ಕೆಲಸ 1860ರಲ್ಲಿ ಮುಗಿಯಿತು. ದೂರದ ಗುಡ್ಡದ ಮಳೆನೀರು ಕೊಳವೆಯಲ್ಲಿ ನಗರಕ್ಕೆ ಬಂತು. 1879ರಲ್ಲಿ ತುಳಸಿ, 1892ರಲ್ಲಿ ತಾನ್ಸಾ ಅದಕ್ಕೆ ಜೊತೆಯಾದವು.

ಬೆಂಗಳೂರಿನದೂ ಇದೇ ಹಾದಿ. ಧರ್ಮಾಂಬುಧಿ, ಸಂಪಂಗಿ, ಹಲಸೂರು ಕೆರೆಗಳು ಸಾಲದಾದಾಗ, ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ 1896ರಲ್ಲಿ ನೀರು ತರಲಾಯಿತು. ಚಾಮರಾಜೇಂದ್ರ ವಾಟರ್ ವರ್ಕ್ಸ್ ಎಂದು ಅದರ ಹೆಸರು. ಮುಂದೆ ಆ ನೀರನ್ನು ಸೋಸಲು ಮಲ್ಲೇಶ್ವರದಲ್ಲಿ ಜ್ಯುವೆಲ್ ಫಿಲ್ಟರ್ ಬಂತು. ಇದು ಒಡವೆಯ ಹೆಸರಲ್ಲ, ಅಮೆರಿಕದ ಶಿಕಾಗೋದ ಜ್ಯುವೆಲ್ ಕಂಪನಿಯ ಹೆಸರು. ಧರ್ಮಾಂಬುಧಿ ಕೆರೆ ಈಗ ಮೆಜೆಸ್ಟಿಕ್ ಬಸ್ ನಿಲ್ದಾಣ.

ನೀರು ತರುವುದು ಒಂದು ಕೆಲಸ, ತಂದದ್ದನ್ನು ಶುದ್ಧ ಮಾಡುವುದು ಇನ್ನೊಂದು. ಆ ಎರಡನೆಯದಕ್ಕೆ ದಾರಿ ತೋರಿಸಿದ್ದು ಮರಳು. 1829ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಜೇಮ್ಸ್ ಸಿಂಪ್ಸನ್ ದೊಡ್ಡ ಮರಳಿನ ಹಾಸು ಮಾಡಿ ಥೇಮ್ಸ್ ನೀರನ್ನು ಮೆಲ್ಲಗೆ ಇಳಿಬಿಟ್ಟ. ಕೆಲವು ದಿನಗಳಲ್ಲಿ ಮರಳಿನ ಮೇಲೆ ಜೀವಿಗಳಿಂದಲೇ ಆದ ಅಂಟು ಪದರ ಕಟ್ಟಿಕೊಂಡು ರೋಗಾಣುಗಳನ್ನು ತಿಂದುಹಾಕುತ್ತದೆ. ಇದು ಆಗ ಸಿಂಪ್ಸನ್ನನಿಗೂ ತಿಳಿದಿರಲಿಲ್ಲ. ನೀರು ನೋಡಲು ಚೆನ್ನಾಗಿರಲಿ ಎಂದಷ್ಟೇ ಅವನ ಆಸೆ. ಕಾಲರಾ ನೀರಿನಿಂದಲೇ ಬರುತ್ತದೆಂದು ಲಂಡನ್ನಿನ ಡಾ. ಜಾನ್ ಸ್ನೋ ತೋರಿಸಿದ್ದು 1854ರಲ್ಲಿ.

ಮರಳಿನ ಬೆಲೆ ಜಗತ್ತಿಗೆ ಗೊತ್ತಾದದ್ದು 1892ರಲ್ಲಿ. ಜರ್ಮನಿಯ ಹ್ಯಾಂಬರ್ಗ್ ಮತ್ತು ಆಲ್ಟೋನಾ ಅಂಟಿಕೊಂಡಿದ್ದ ಎರಡು ಊರುಗಳು, ನಮ್ಮ ವಾಶಿ ಮತ್ತು ಸಾನಪಾಡಾದ ಹಾಗೆ. ಎರಡೂ ಎಲ್ಬೆ ನದಿಯ ನೀರನ್ನೇ ಕುಡಿಯುತ್ತಿದ್ದವು. ಹ್ಯಾಂಬರ್ಗ್ ಸೋಸದೆ ಕುಡಿಯಿತು, ಆಲ್ಟೋನಾ ಮರಳಿನಲ್ಲಿ ಸೋಸಿ ಕುಡಿಯಿತು. ಆ ವರ್ಷದ ಕಾಲರಾದಲ್ಲಿ ಹ್ಯಾಂಬರ್ಗಿನಲ್ಲಿ 8,600ಕ್ಕೂ ಹೆಚ್ಚು ಜನ ಸತ್ತರು. ಆಲ್ಟೋನಾ ಬಹುಮಟ್ಟಿಗೆ ಉಳಿಯಿತು.

ಮಲ್ಲೇಶ್ವರದ ಜ್ಯುವೆಲ್ ಬಗೆಯ ಫಿಲ್ಟರ್ ಇದಕ್ಕಿಂತ ವೇಗದ್ದು. ಮೊದಲು ನೀರಿಗೆ ಪಟಿಕ ಹಾಕಬೇಕು, ನಮ್ಮ ಮರಾಠಿ ನೆರೆಯವರು ತುರಟಿ ಎನ್ನುವುದು ಇದನ್ನೇ. ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ ಹತ್ತಿಯ ಎಳೆಯಂತೆ ಗುಂಪುಗೂಡಿ ತಳಕ್ಕೆ ಇಳಿಯುತ್ತವೆ. ಉಳಿದದ್ದು ಮರಳಿನಲ್ಲಿ ಸೋಸಿಹೋಗುತ್ತದೆ. ಚಿಲ್ಲದ ಬೀಜ ಮಾಡುತ್ತಿದ್ದ ಕೆಲಸವನ್ನು ಪಟಿಕ ವಹಿಸಿಕೊಂಡಿತು, ಬಟ್ಟೆಯ ಕೆಲಸವನ್ನು ಮರಳು ವಹಿಸಿಕೊಂಡಿತು. ಊರಿಗೆಲ್ಲ ನೀರು ಕಾಯಿಸಲು ಸೌದೆ ಎಲ್ಲಿಂದ ತರುವುದು? ಆ ಕೆಲಸಕ್ಕೆ ಕ್ಲೋರಿನ್ ಬಂತು. 1908ರಲ್ಲಿ ಅಮೆರಿಕದ ಜರ್ಸಿ ಸಿಟಿಯ ನೀರಿಗೆ ನಿರಂತರವಾಗಿ ಕ್ಲೋರಿನ್ ಬೆರೆಸಲು ಶುರುಮಾಡಿದ ಮೇಲೆ ಅದು ಊರೂರಿಗೆ ಹಬ್ಬಿತು.

ಮೋರ್ಬೆಯಿಂದ ನಮ್ಮ ನಳ್ಳಿಗೆ

ಈಗ ನಮ್ಮ ಊರಿಗೆ ಬರೋಣ. ಸಾನಪಾಡಾ ಮೊದಲು ಖಾಡಿಯ ದಂಡೆಯ ಆಗ್ರಿ, ಕೋಳಿ ಜನರ ಹಳ್ಳಿ. 1970ರಲ್ಲಿ ಸಿಡ್ಕೋ ಹುಟ್ಟಿ ಹೊಸ ನಗರದ ಕೆಲಸ ಶುರುವಾಯಿತು. 1992ರಲ್ಲಿ ನವಿ ಮುಂಬಯಿ ಮಹಾನಗರಪಾಲಿಕೆ ಬಂತು. ಮುಂದೆ ಪಾಲಿಕೆ ರಾಯಗಡ ಜಿಲ್ಲೆಯ ಖಾಲಾಪುರದ ಕಡೆ ಧಾವರಿ ನದಿಗೆ ಕಟ್ಟಿದ ಮೋರ್ಬೆ ಅಣೆಕಟ್ಟನ್ನು ತನ್ನದಾಗಿಸಿಕೊಂಡಿತು. ಸ್ವಂತ ಅಣೆಕಟ್ಟು ಇರುವ ಪಾಲಿಕೆಗಳು ನಮ್ಮ ದೇಶದಲ್ಲಿ ಬೆರಳೆಣಿಕೆಯಷ್ಟು. ನೀರು 88 ಮೀಟರ್ ಮುಟ್ಟಿದರೆ ಮೋರ್ಬೆ ತುಂಬಿತೆಂದು ಲೆಕ್ಕ. ಕನ್ನಂಬಾಡಿ ತುಂಬಿದಾಗ ನಮ್ಮಲ್ಲಿ ಬಾಗಿನ ಕೊಡುವಂತೆ ಇಲ್ಲಿ ಜಲಪೂಜೆ ನಡೆಯುತ್ತದೆ.

ಅಲ್ಲಿಂದ ನೀರು ಭೋಕರಪಾಡಾದ ಶುದ್ಧೀಕರಣ ಕೇಂದ್ರಕ್ಕೆ ಬರುತ್ತದೆ. ದಿನಕ್ಕೆ 450 ದಶಲಕ್ಷ ಲೀಟರ್ ಅದರ ಸಾಮರ್ಥ್ಯ. ಗಾಳಿಗೊಡ್ಡುವುದು, ರಾಡಿಯನ್ನು ಗಡ್ಡೆಕಟ್ಟಿಸಿ ತಳಕ್ಕೆ ಇಳಿಸುವುದು, ಮರಳಿನಲ್ಲಿ ಸೋಸುವುದು, ಕ್ಲೋರಿನ್ ಹಾಕುವುದು. ನನ್ನ ಅಜ್ಜಿ ಕೊಡಪಾನದಲ್ಲಿ ಮಾಡಿದ್ದನ್ನೇ ಭೋಕರಪಾಡಾ ಕೋಟಿಗಟ್ಟಲೆ ಕೊಡಪಾನಗಳಿಗೆ ಮಾಡುತ್ತದೆ. ಡೊಂಬಿವಲಿ, ಕಲ್ಯಾಣದ ಗೆಳತಿಯರು ಕುಡಿಯುವ ಉಲ್ಹಾಸ ನದಿಯ ನೀರಿಗೂ ಕ್ರಮ ಇದೇ.

ನಳ್ಳಿಯ ನೀರು "ಮದ್ದಿನ ವಾಸನೆ" ಎಂದು ನಾವು ಮೂಗು ಮುರಿಯುತ್ತೇವಲ್ಲ, ಆ ವಾಸನೆ ಕಾವಲುಗಾರನದು. ಕೊಳವೆಯ ಕೊನೆಯ ಮನೆಯಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂದು ಭಾರತೀಯ ಮಾನಕ ಹೇಳುತ್ತದೆ. ದಾರಿಯಲ್ಲಿ ಸಣ್ಣಪುಟ್ಟ ಕೊಳೆ ಸೇರಿದರೆ ಅದನ್ನು ಕೊಲ್ಲಲು ಉಳಿಸಿದ ಪಾಲು ಅದು.

ಮೊದಲು ಪರೀಕ್ಷೆ, ಆಮೇಲೆ ಮದ್ದು

ಈ ಚರಿತ್ರೆಯಲ್ಲಿ ನನಗೆ ತೀರಾ ಹಿಡಿಸಿದವರು ಎಲೆನ್ ಸ್ವಾಲೋ ರಿಚರ್ಡ್ಸ್. ಅಮೆರಿಕದ ಹೆಸರಾಂತ ಎಂಐಟಿ ಸಂಸ್ಥೆಗೆ ಸೇರಿದ ಮೊದಲ ಮಹಿಳೆ. 1873ರಲ್ಲಿ ಅಲ್ಲಿಂದ ಪದವಿ ಪಡೆದರು. 1887ರಿಂದ ಮ್ಯಾಸಚೂಸೆಟ್ಸ್ ರಾಜ್ಯದ ಕೆರೆ, ತೊರೆ, ನಳ್ಳಿಗಳ ನೀರಿನ ಸಾವಿರಾರು ಮಾದರಿಗಳ ಪರೀಕ್ಷೆ ಅವರ ಪ್ರಯೋಗಾಲಯದಲ್ಲಿ ನಡೆಯಿತು. ಎಲ್ಲೆಲ್ಲಿ ಎಷ್ಟು ಉಪ್ಪಿನಂಶ ಸಹಜ, ಎಲ್ಲಿ ಅದು ಹೆಚ್ಚಾಗಿ ಹೊಲಸು ಸೇರಿದ್ದನ್ನು ಸೂಚಿಸುತ್ತದೆ ಎಂದು ನಕ್ಷೆಯನ್ನೇ ಮಾಡಿದರು. ನಾವು ಕಾಲೇಜಿನಲ್ಲಿ ಓದಿದ ಗೃಹವಿಜ್ಞಾನವೆಂಬ ವಿಷಯಕ್ಕೆ ತಳಹದಿ ಹಾಕಿದವರೂ ಅವರೇ. ಅಡುಗೆಮನೆಗೂ ಪ್ರಯೋಗಾಲಯಕ್ಕೂ ಗೋಡೆಯಿಲ್ಲ ಎಂದು ತೋರಿಸಿದ ಹೆಂಗಸು.

ಪರೀಕ್ಷೆ ಏಕೆ ಬೇಕು ಎಂಬುದಕ್ಕೆ ನಮ್ಮ ನಾಡಿನಲ್ಲೇ ಉದಾಹರಣೆಯಿದೆ. ಪಾವಗಡ, ಮುಂಡರಗಿ, ಕೋಲಾರದ ಕಡೆ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ನೋಡಲು ಸ್ಫಟಿಕದಂತೆ ತಿಳಿ, ರೋಗಾಣು ಇಲ್ಲ. ಆದರೆ ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಮೂಳೆ, ಕೀಲು ಬಿಗಿಯುತ್ತವೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಮಿತಿ. ಈ ನೀರನ್ನು ಬಟ್ಟೆಯಲ್ಲಿ ಸೋಸಿದರೆ ಪ್ರಯೋಜನವಿಲ್ಲ. ಕಾಯಿಸಿದರಂತೂ ನೀರು ಆವಿಯಾಗಿ ಫ್ಲೋರೈಡಿನ ಸಾಂದ್ರತೆ ಇನ್ನೂ ಏರುತ್ತದೆ. ಕಾಮಾಲೆಗೆ ಮದ್ದಾದ ಕುದಿಸುವಿಕೆ ಇಲ್ಲಿ ಕೇಡು. ಇದಕ್ಕೆ ನಾಗಪುರದ ನೀರಿ ಸಂಸ್ಥೆ 1970ರ ದಶಕದಲ್ಲಿ ಪಟಿಕ, ಸುಣ್ಣ, ಬ್ಲೀಚಿಂಗ್ ಪೌಡರ್ ಬಳಸುವ ನಲ್ಗೊಂಡ ವಿಧಾನ ರೂಪಿಸಿತು. ಈಗ ಹಳ್ಳಿಹಳ್ಳಿಯಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸುವ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಅಲ್ಲಿ ಕೆಲಸ ಮಾಡುವುದು ಆರ್‌ಓ ತಂತ್ರ.

ಈ ಆರ್‌ಓ ಹುಟ್ಟಿದ್ದು ಸಮುದ್ರದ ನೀರನ್ನು ಸಿಹಿಮಾಡಲು. 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಯೆಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಅದರ ತೆಳುಪೊರೆಯನ್ನು ತಯಾರಿಸಿದರು. ಉಪ್ಪು, ಫ್ಲೋರೈಡ್ ಇರುವ ನೀರಿಗೆ ಅದು ವರದಾನ. ಸಹ್ಯಾದ್ರಿಯ ಮಳೆನೀರಾದ ಮೋರ್ಬೆಯ ನೀರಿಗೋ? ಮನೆಯ ಆರ್‌ಓ ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಚೆಲ್ಲುತ್ತದೆ. ಮೈಗೆ ಬೇಕಾದ ಲವಣವನ್ನೂ ತೆಗೆಯುತ್ತದೆ. ಕರಗಿದ ಲವಣಾಂಶ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವಲ್ಲಿ ಆರ್‌ಓ ಬಳಕೆ ನಿಷೇಧಿಸಬೇಕೆಂದು 2019ರ ಮೇಯಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಸರಕಾರಕ್ಕೆ ಸೂಚಿಸಿತ್ತು.

ರೋಗಾಣುವಿನದಷ್ಟೇ ಭಯವಿದ್ದರೆ ಕುದಿಸಿದರೆ ಸಾಕು, ಅಥವಾ ಯುವಿ ದೀಪ ಸಾಕು. 1993ರಲ್ಲಿ ಹೊಸ ಬಗೆಯ ಕಾಲರಾ ಭಾರತ, ಬಾಂಗ್ಲಾಗಳಲ್ಲಿ ಹಬ್ಬಿದಾಗ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಓದಿ ಅಮೆರಿಕದಲ್ಲಿ ನೆಲೆಸಿದ್ದ ಅಶೋಕ ಗಾಡ್ಗೀಳರು ಬಡ ಹಳ್ಳಿಗಳಿಗೂ ಎಟಕುವಂಥ ಯುವಿ ಯಂತ್ರ ರೂಪಿಸಲು ಹೊರಟದ್ದು ಇದೇ ಅರಿವಿನಿಂದ.

ಕಪ್ಪಾದ ಬಾಟಲಿ

ಮತ್ತೆ ನಮ್ಮ ಬಿಲ್ಡಿಂಗಿಗೆ ಬರುತ್ತೇನೆ. ಮಷಿನ್ ಯಾವುದು ಒಳ್ಳೆಯದೆಂಬ ವಾದ ಆ ಸಂಜೆ ಮುಗಿಯಲಿಲ್ಲ. ಕೊನೆಗೆ ಒಬ್ಬ ನಿವೃತ್ತ ಟೀಚರ್ ಅಂದರು: "ವಾದ ಬಿಡಿ ಮಕ್ಕಳೇ, ಮೊದಲು ನೀರು ಪರೀಕ್ಷೆ ಮಾಡಿಸುವ."

ಎಚ್‌ಟುಎಸ್ ಬಾಟಲಿ ಎಂಬ ಅಗ್ಗದ ಪರೀಕ್ಷೆಯೊಂದಿದೆ. 1982ರಲ್ಲಿ ಭಾರತದ ವಿಜ್ಞಾನಿಗಳಾದ ಕೆ. ಎಸ್. ಮಂಜಾ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ಸಣ್ಣ ಬಾಟಲಿಗೆ ನೀರು ತುಂಬಿಸಿ ಒಂದೆರಡು ದಿನ ಕೋಣೆಯಲ್ಲಿಟ್ಟರೆ, ಮಲದ ಸೋಂಕು ಇದ್ದಲ್ಲಿ ನೀರು ಕಪ್ಪಾಗುತ್ತದೆ. ಇಂದು ಜಲ ಜೀವನ್ ಮಿಷನ್ ಅಡಿಯಲ್ಲಿ ಪ್ರತಿ ಹಳ್ಳಿಯ ಐವರು ಮಹಿಳೆಯರಿಗೆ ನೀರಿನ ಪರೀಕ್ಷೆ ಕಲಿಸಲಾಗುತ್ತಿದೆ. ಹಳ್ಳಿಯ ಹೆಂಗಸರಿಗೆ ಸಾಧ್ಯವಾದದ್ದು ನಮಗೇಕೆ ಆಗದು?

ನಾವು ಮೂರು ಕಡೆಯ ನೀರು ತುಂಬಿಸಿದೆವು. ಪಾಲಿಕೆಯ ಕೊಳವೆ ಸೊಸೈಟಿಗೆ ಬರುವಲ್ಲಿ, ನೆಲದಡಿಯ ಟಾಂಕಿಯಲ್ಲಿ, ನಮ್ಮ ಅಡುಗೆಮನೆಯ ನಳ್ಳಿಯಲ್ಲಿ. ಮರುದಿನ ಮೊದಲನೆಯದು ತಿಳಿಯಾಗಿಯೇ ಇತ್ತು. ಎರಡನೆಯದು, ಮೂರನೆಯದು ಮಸಿಯಂತೆ ಕಪ್ಪು. ಟಾಂಕಿ ಖಾಲಿ ಮಾಡಿಸಿ ನೋಡಿದರೆ, ಪಕ್ಕದ ಗಟಾರದ ಚೇಂಬರ್ ಕಡೆಯ ಗೋಡೆಯಲ್ಲಿ ಬಿರುಕು. ಮಳೆಗೆ ಗಟಾರ ತುಂಬಿದಾಗಲೆಲ್ಲ ಒಳಗೆ ಒಸರುತ್ತಿತ್ತು. ಹೊರಗಿನ ಪ್ರಯೋಗಾಲಯದ ವರದಿಯೂ ಅದನ್ನೇ ಹೇಳಿತು. ಮೋರ್ಬೆಯಿಂದ ಅಷ್ಟು ದೂರ ಶುದ್ಧವಾಗಿ ಬಂದ ನೀರು ನಮ್ಮದೇ ಗೇಟಿನ ಒಳಗೆ ಕೆಟ್ಟಿತ್ತು.

ಮಷಿನ್ ಇದ್ದೂ ಏಕೆ ರೋಗ ಬಂತು? ನಾವು ಕುಡಿದದ್ದು ಮಷಿನ್ ನೀರು. ಹಲ್ಲುಜ್ಜಿ ಬಾಯಿ ಮುಕ್ಕಳಿಸಿದ್ದು, ಕೊತ್ತಂಬರಿ ತೊಳೆದದ್ದು, ತಟ್ಟೆ ಲೋಟ ತೊಳೆದದ್ದು ನಳ್ಳಿಯ ನೀರಿನಲ್ಲಿ. ಕತಕದ ಹೆಸರು ಹೇಳಿದರೆ ನೀರು ತಿಳಿಯಾಗದು ಎಂದ ಹಿರಿಯರ ಮಾತು ಆಗ ನನಗೆ ಅರ್ಥವಾಯಿತು. ಬಿರುಕು ಮುಚ್ಚಿಸಿ, ಟಾಂಕಿ ತೊಳೆಸಿ, ಕ್ಲೋರಿನ್ ಹಾಕಿಸಿದೆವು. ಅಲ್ಲಿಯವರೆಗೆ ಪ್ರತಿ ಮನೆಯಲ್ಲೂ ನೀರನ್ನು ಚೆನ್ನಾಗಿ ಮರಳುವಂತೆ ಕುದಿಸಿ, ಮುಚ್ಚಿಟ್ಟು ಬಳಸಿದೆವು. ಕಾಮಾಲೆ ನಿಂತಿತು. ಆ ಮಕ್ಕಳೆಲ್ಲ ಚೇತರಿಸಿಕೊಂಡರು.

ಇನ್ನೊಂದು ಮಾತು. ನಮ್ಮ ಮನೆಯಿಂದ ಹೊರಹೋಗುವ ನೀರೂ ಎಲ್ಲೋ ಯಾರದೋ ನೀರಿಗೆ ಸೇರುತ್ತದೆ. ನವಿ ಮುಂಬಯಿಯ ಕೊಳಚೆನೀರು ಶುದ್ಧೀಕರಣ ಕೇಂದ್ರಗಳಲ್ಲಿ ಒಂದು ನಮ್ಮ ಸಾನಪಾಡಾದಲ್ಲೇ ಇದೆ. ಗಾಳಿ ಊದಿ, ಬ್ಯಾಕ್ಟೀರಿಯಾಗಳಿಗೆ ಹೊಲಸು ತಿನ್ನಿಸಿ, ತಿಳಿಯಾದ ಮೇಲೆ ನೀರನ್ನು ಹೊರಬಿಡುತ್ತಾರೆ. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯದಿದ್ದರೆ ಆ ಬ್ಯಾಕ್ಟೀರಿಯಾಗಳಿಗೆ ನಾವು ಮಾಡುವ ಉಪಕಾರವೇ ದೊಡ್ಡದು.

ಈಗ ನಮ್ಮ ಸೊಸೈಟಿಯಲ್ಲಿ ಮೇ ತಿಂಗಳ ಕೊನೆಯ ಭಾನುವಾರ ಹೆಂಗಸರ ಒಂದು ಕೆಲಸ ನಿಶ್ಚಿತ. ಟಾಂಕಿ ತೊಳೆಯುವಾಗ ಇಬ್ಬರು ನಿಂತು ಒಳಗೋಡೆ ನೋಡುವುದು, ಮೂರು ಬಾಟಲಿ ತುಂಬಿಸಿಡುವುದು. ಮಳೆ ಹಿಡಿದ ಮೇಲೆ ಇನ್ನೊಂದು ಸಲ. ರಾಯಚೂರಿನ ತಂಗಿ ತಪ್ಪದೆ ಬರುತ್ತಾಳೆ. ಹೋದ ವರ್ಷ ಮಹಡಿಗೆ ಹೊಸದಾಗಿ ಬಂದ ಸೊಸೆಯೊಬ್ಬಳನ್ನು ನಾವೆಲ್ಲ ಮೊದಲು ಕಂಡು ಮಾತಾಡಿಸಿದ್ದು ಅಲ್ಲಿಯೇ, ಕೈಯಲ್ಲಿ ಬಾಟಲಿ ಹಿಡಿದು ಟಾಂಕಿಯ ಪಕ್ಕ ನಿಂತಿದ್ದಾಗ.

ಊರಿಗೆ ಬಂದವಳು ನೀರಿಗೆ ಬಂದಳು. ನಿಮ್ಮ ಸೊಸೈಟಿಯಲ್ಲೂ ಈ ಮಳೆಗಾಲಕ್ಕೆ ಮೊದಲು ಒಮ್ಮೆ ಎಲ್ಲರೂ ನೀರಿಗೆ ಬನ್ನಿ.